ಏಳನೆಯ ಚೀಟಿ

ನಮ್ಮ ನಗರದಲ್ಲಿ ಮನೆ ಬಿಟ್ಟು ಹೊರಡುವಾಗ ಯಾರೂ "ಹೋಗಿ ಬರ್ತೀನಿ" ಎನ್ನುವುದಿಲ್ಲ. "ನೋಡ್ಕೊಂಡು ಬರ್ತೀನಿ" ಎನ್ನುತ್ತಾರೆ. ನೋಡದೆ ನಡೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಮರೆಯುತ್ತಾರೆ. ನಮ್ಮ ಬೀದಿಯ ಪುಟ್ಟನಂಜಯ್ಯನವರು ಹನ್ನೊಂದು ವರ್ಷ ಒಂದೇ ಸಂದಿಯಲ್ಲಿ ತಲೆ ತಗ್ಗಿಸಿಕೊಂಡು ಕಚೇರಿಗೆ ಹೋಗಿ ಬಂದರು. ಒಂದು ಸೋಮವಾರ ಬೆಳಗ್ಗೆ ನೋಡಿದರೆ ಸಂದಿಯೇ ಇಲ್ಲ. ಅಲ್ಲೊಂದು ಗೋಡೆ, ಗೋಡೆಯ ಮೇಲೆ ಪಾಚಿ. ಉಳಿದವರೆಲ್ಲ ಅದೇ ಗೋಡೆಯೊಳಗಿಂದ ತರಕಾರಿ ಚೀಲ ಹಿಡಿದು ಆರಾಮಾಗಿ ಓಡಾಡುತ್ತಿದ್ದರಂತೆ. ಅವರು ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ವಾಪಸು ಬಂದು ಹೆಂಡತಿಯ ಮುಂದೆ ನಿಂತರು. ಆಕೆ ಬೈಯಲೂ ಇಲ್ಲ, ಅಳಲೂ ಇಲ್ಲ. "ಕಣ್ಣು ಮುಚ್ಕೊಳ್ಳಿ" ಎಂದು ಕೈ ಹಿಡಿದು, ಗೋಡೆ ದಾಟಿಸಿ, ನೇರವಾಗಿ ನಮ್ಮ ಕಚೇರಿಗೆ ಕರೆದುಕೊಂಡು ಬಂದರು. ಕಳೆದುಹೋದ ದಾರಿಯನ್ನು ಹಾಗೆ ದಾಟಬಹುದು, ಕಣ್ಣು ಮುಚ್ಚಿಕೊಂಡು, ದಾರಿ ಇನ್ನೂ ಇರುವವರ ಕೈ ಹಿಡಿದು.

ನಮ್ಮದು ಚೀಟಿ ಕಚೇರಿ. ವಾರ್ಡಿಗೊಂದು ಇದೆ. ಬೀದಿ ಕಳೆದುಕೊಂಡವರು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಅವರು ಈವರೆಗೆ ಮಾಡದ ಯಾವುದಾದರೂ ಒಂದನ್ನು ಆರಿಸಿ ನಾನು ಚೀಟಿ ಕೊಡುತ್ತೇನೆ. ಅದನ್ನು ಮನಸ್ಸಿಟ್ಟು ಮಾಡಿ ಬಂದರೆ ಹೋದ ಬೀದಿ ಮರಳಿ ಬರುತ್ತದೆ. ಪುಟ್ಟನಂಜಯ್ಯನವರಿಗೆ ಮೀನು ಮಾರುಕಟ್ಟೆಯ ಮಂಜುಗಡ್ಡೆ ಗೋದಾಮಿನ ಚೀಟಿ ಕೊಟ್ಟೆ. ಬಿರುಬೇಸಿಗೆಯಲ್ಲಿ ಕಂಬಳಿ ಹೊದ್ದು ಹತ್ತು ನಿಮಿಷ ಒಳಗೆ ಕೂರಬೇಕು, ಮಂಜುಗಡ್ಡೆ ಬಿರುಕು ಬಿಡುವ ಸದ್ದನ್ನು ಎಣಿಸಬೇಕು. ಮೂಗು ಕೆಂಪಗೆ ಮಾಡಿಕೊಂಡು ಹೊರಗೆ ಬಂದರು, ಸಂದಿ ಇದ್ದ ಜಾಗದಲ್ಲೇ ಇತ್ತು. ಆಮೇಲೆ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ, "ಆ ಸಂದೀಲಿ ಒಂದು ನುಗ್ಗೇಮರ ಇದೆ ಕಣ್ರೀ" ಎಂದು ತಾವೇ ನೆಟ್ಟವರಂತೆ ಹೇಳಿಕೊಂಡು ತಿರುಗಿದರು. ಆ ಮರ ಅವರು ಹುಟ್ಟುವುದಕ್ಕೂ ಮೊದಲಿನಿಂದ ಅಲ್ಲೇ ಇದೆ.

ಜನ ಇದಕ್ಕೆಲ್ಲ ಒಗ್ಗಿಕೊಂಡಿದ್ದಾರೆ. ನಮ್ಮ ಕ್ಷೌರಿಕ ಸೋಮವಾರಕ್ಕೊಮ್ಮೆ ಕುರ್ಚಿಯನ್ನು ಬೇರೆ ಗೋಡೆಯ ಕಡೆಗೆ ತಿರುಗಿಸುತ್ತಾನೆ. ಬಸ್ಸಿನ ಕಂಡಕ್ಟರು ಪ್ರತಿ ಸ್ಟಾಪಿನಲ್ಲೂ "ಎಡಗಡೆ ನೋಡಿ, ಎಡಗಡೆ ನೋಡಿ" ಎಂದು ಕೂಗುತ್ತಾನೆ, ಮರುದಿನ ಬಲಗಡೆ. ಗಂಡಹೆಂಡಿರು ತಿಂಗಳಿಗೊಮ್ಮೆ ಹಾಸಿಗೆಯ ಬದಿ ಬದಲಿಸಿಕೊಳ್ಳುತ್ತಾರೆ. ನಮ್ಮಮ್ಮ ಬುಧವಾರಗಳಲ್ಲಿ ಹಿತ್ತಿಲ ಬಾಗಿಲಿಂದ ಒಳಗೆ ಬಂದು "ಯಾರಿದೀರಿ ಮನೇಲಿ?" ಎಂದು ನೆಂಟರಂತೆ ಕೇಳುತ್ತಿದ್ದಳು. ನಾವು "ಬನ್ನಿ, ಕೂತ್ಕೊಳ್ಳಿ" ಎಂದು ನೀರು ಕೊಡಬೇಕಿತ್ತು. ಆ ಒಂದು ಲೋಟ ನೀರಿನ ಮೇಲೆ ಅವಳಿಗೆ ಬಲು ಆಸೆ.

ಚೀಟಿ ಕೊಡುವವಳು ನಾನಾದರೂ ಬರೆಯುವವರು ಬೇರೆ. ಅವರಿಗೆ ಹುಡುಕಾಳು ಎಂದು ಹೆಸರು. ನಮ್ಮ ವಾರ್ಡಿನ ಹುಡುಕಾಳು ತುಳಜಾಬಾಯಿ. ಮೂವತ್ತೊಂದು ವರ್ಷ ಈ ದೊಡ್ಡ ನಗರದ ಮೂಲೆಮೂಲೆ ತಿರುಗಿ ನಾನೂರ ಹನ್ನೆರಡು ಚೀಟಿ ಬರೆದವರು, ಎಲ್ಲವೂ ಹಸಿರು ಶಾಯಿಯಲ್ಲಿ. ನನಗೆ ಕೆಲಸ ಕಲಿಸಿದವರೂ ಅವರೇ. ಗೋಪುರದ ಗಡಿಯಾರಕ್ಕೆ ಎಣ್ಣೆ ಹಾಕುವವನ ಪಕ್ಕ ಕೂತು, ದೊಡ್ಡ ಮುಳ್ಳಿನ ನೆರಳು ಮಡಿಲ ಮೇಲೆ ಹಾದು ಹೋಗುವುದನ್ನು ನೋಡಬಹುದು ಎಂದು ಪತ್ತೆ ಮಾಡಿದವರು ಅವರು. ಅಂಚೆ ಕಚೇರಿಯಲ್ಲಿ ವಿಳಾಸ ಸಿಗದ ಕಾಗದಗಳ ಕೋಣೆ ಇದೆ, ಕೇಳಿದರೆ ಒಳಗೆ ಬಿಡುತ್ತಾರೆ, ಲಕೋಟೆ ಒಡೆಯಕೂಡದು ಆದರೆ ಕೈಬರಹ ನೋಡಿ ಬರೆದವರ ವಯಸ್ಸು ಊಹಿಸಬಹುದು. ಲಾಂಡ್ರಿಯ ಮಾಳಿಗೆಯಲ್ಲಿ ಇಡೀ ವಾರ್ಡಿನ ಸೀರೆಗಳು ಒಣಗುವಾಗ ಅವುಗಳ ನಡುವೆ ದಾರಿ ತಪ್ಪಿಸಿಕೊಳ್ಳಬಹುದು. ಶೆಡ್ಡಿನಲ್ಲಿ ನಿಂತೇ ಇರುವ ಟ್ರಾಮಿನಲ್ಲಿ ಟಿಕೆಟು ಹರಿಸಿಕೊಂಡು, ಎಲ್ಲಿಗೂ ಹೋಗದೆ, ಹೋದವರಂತೆ ಇಳಿಯಬಹುದು. ಓದುವಾಗಲೇ ಮೈ ಹಗುರಾಗುವ ಹಾಗೆ ಬರೆಯುತ್ತಿದ್ದರು.

ಹುಡುಕಾಳುಗಳಿಗೆ ಒಂದು ಕಟ್ಟುನಿಟ್ಟು ಇದೆ. ಚೀಟಿ ಬರೆದ ಮೇಲೆ ಆ ಜಾಗಕ್ಕೆ ಮತ್ತೆ ಕಾಲಿಡುವಂತಿಲ್ಲ. ಎರಡನೇ ಸಲ ಹೋದರೆ ಕಣ್ಣು ಮೊಂಡಾಗುತ್ತದೆ, ಬರೆಯುವ ಕೈ ಒಣಗುತ್ತದೆ ಎಂದು ಅವರ ನಂಬಿಕೆ. ಕೆಲಸ ಮುಗಿಸಿ ಹೊರಡುವಾಗ "ನೋಡಿದೆ" ಎಂದು ಒಂದೇ ಮಾತು ಹೇಳಿ ತಿರುಗಿ ನೋಡದೆ ನಡೆಯಬೇಕು. ತುಳಜಾಬಾಯಿ ಇದರಲ್ಲಿ ಮಹಾ ಖಡಕ್ಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೇತುವೆಯ ಕೆಳಗೆ ಒಬ್ಬಳು ಹುಣಸೆಹೂವಿನ ಪಾನಕ ಮಾರುತ್ತಿದ್ದಳು. ಒಂದು ಲೋಟ ಕುಡಿದು ಇನ್ನೊಂದಕ್ಕೆ ಕೈ ಚಾಚಿದೆ. ತುಳಜಾಬಾಯಿ "ನೋಡಿದೆ" ಎಂದವರೇ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಆ ಎರಡನೇ ಲೋಟದ ಬಗ್ಗೆ ನನಗೆ ಇವತ್ತಿಗೂ ಕೋಪವಿದೆ.

ದಿನವೂ ಹೊಸದನ್ನು ನೋಡುವವರ ಬೀದಿ ಯಾಕೆ ಹೋಗುತ್ತದೆ ಎಂದುಕೊಂಡಿದ್ದೆ. ಹಾಗಾಗಿ ಅವರು ನಾಲ್ಕು ದಿನ ಕಚೇರಿಗೆ ಬಾರದೆ ಹೋದಾಗ ನೆಗಡಿಯೋ ಜ್ವರವೋ ಇರಬೇಕೆಂದು ಕಷಾಯದ ಪುಡಿ ಕಟ್ಟಿಕೊಂಡು ಹೋದೆ. ಗುಂಡಿ ಅಂಗಡಿಯ ಮೇಲಿನ ವಠಾರದಲ್ಲಿ ಎರಡನೇ ಮಹಡಿಯ ಕೊನೆಯ ಕೋಣೆ ಅವರದು. ಬಾಗಿಲು ತೆಗೆದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಳದ ಆಚೆ ಬೀದಿ ಇನ್ನೂ ಇದೆಯೇನೇ?" ಎಂದು ಕೇಳಿದರು.

ಕಷಾಯದ ಪುಡಿಯನ್ನು ಹೊಸ್ತಿಲ ಮೇಲೇ ಇಟ್ಟುಬಿಟ್ಟೆ.

"ಯಾಕೆ ಬಾಯಮ್ಮ, ನಿಮಗಿಲ್ವಾ?"

"ಮೊದಲು ಮಾರ್ಕೆಟ್ಟಿನ ದಾರಿ ಹೋಯ್ತು. ಆಮೇಲೆ ಸೇತುವೆ. ಹೋದ ವಾರ ನಮ್ಮ ಬೀದಿ. ಈಗ ಈ ಕೋಣೆ, ಮೆಟ್ಟಿಲು, ಕೆಳಗಿನ ನಲ್ಲಿ. ಅಷ್ಟೇ ಉಳಿದಿರೋದು." ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲೇ ಹೇಳಿದರು. "ಎಂಟು ತಿಂಗಳಾಯ್ತು ಕಣೇ ವಿಮಲಿ, ಒಂದು ಚೀಟಿ ಬರೆದಿಲ್ಲ. ಹೊಸದು ಏನೂ ಸಿಕ್ಕಿಲ್ಲ. ಊರು ಮುಗಿದೋಯ್ತು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ದೆ? ಚೀಟಿ ಕೊಡ್ತಿದ್ದೆ. ಯಾವ ಚೀಟಿ ಕೊಡ್ತೀಯೇ? ಎಲ್ಲಾ ನಾನೇ ಬರೆದಿದ್ದು."

ಅವರ ಕಿಟಕಿಯಿಂದ ಎದುರು ವಠಾರ ಕಾಣುತ್ತದೆ. ಅಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಇದ್ದರು. ಒಂದೊಂದಾಗಿ ಬೀದಿಗಳೆಲ್ಲ ಹೋಗಿ ಕೊನೆಗೆ ಅವರ ಬಾಗಿಲೂ ಹೋಯಿತು. ಅದು ಹೋದರೆ ಅವರಿಗೆ ಮಾತ್ರವಲ್ಲ, ಯಾರಿಗೂ ಸಿಗುವುದಿಲ್ಲ. ಈಗಲೂ ದಿನಾ ಮಧ್ಯಾಹ್ನ ಗೋಡೆಯ ಒಳಗೆಲ್ಲೋ ಕುಕ್ಕರು ಮೂರು ಸಲ ಕೂಗುತ್ತದೆ. ನೆರೆಯವರು "ಮಾಸ್ತರು ಇವತ್ತು ಬೇಳೆ ಇಟ್ಟಿದಾರೆ" ಎಂದು ಮಾತಾಡಿಕೊಳ್ಳುತ್ತಾರೆ. ಹಬ್ಬದ ದಿನ ಅಂದಾಜಿನ ಮೇಲೆ ಗೋಡೆಯ ಬುಡದಲ್ಲಿ ಒಂದು ತಟ್ಟೆ ಹೋಳಿಗೆ ಇಟ್ಟು ಬರುತ್ತಾರೆ. ಸಂಜೆ ಹೋಗಿ ನೋಡಿದರೆ ಅದು ಇಟ್ಟ ಹಾಗೇ ಇರುತ್ತದೆ. ತುಳಜಾಬಾಯಿ ಮಾತಾಡುತ್ತಲೇ ಆ ಗೋಡೆಯನ್ನು ನೋಡುತ್ತಿದ್ದರು. ನಾನೂ ನೋಡಿದೆ.

ಮರುದಿನದಿಂದ ನಾನು ಹುಚ್ಚು ಹಿಡಿದವಳಂತೆ ತಿರುಗಿದೆ. ಇವರು ಮಾಡದೆ ಬಿಟ್ಟದ್ದು ಒಂದೇ ಒಂದು ಸಿಕ್ಕರೆ ಸಾಕು, ಒಂದು ಬೀದಿಯಾದರೂ ಬರುತ್ತದೆ. ಗಂಟೆ ಎರಕ ಹೊಯ್ಯುವ ಕಡೆ ಹಸಿ ಗಂಟೆಯ ಅಚ್ಚಿನೊಳಗೆ ಕೂಗಿದರೆ ದನಿ ಎಷ್ಟೋ ಹೊತ್ತಿನ ಮೇಲೆ ವಾಪಸು ಬರುತ್ತದೆ ಎಂದು ಕೇಳಿ ಓಡಿ ಬಂದು ಹೇಳಿದೆ. "ನೂರಾ ಹತ್ತೊಂಬತ್ತನೇ ಚೀಟಿ, ಮರೆತ್ಯಾ?" ಎಂದರು. ನಾಟಕ ಕಂಪನಿಯವರ ಹಳೆಯ ಮೀಸೆಗಳ ಪೆಟ್ಟಿಗೆಯಿಂದ ಒಂದನ್ನು ಅಂಟಿಸಿಕೊಂಡು ಹೆಂಗಸರು ಪೇಟೆ ಸುತ್ತಬಹುದು. "ಇನ್ನೂರಾ ಆರು. ತುಟಿ ಮೇಲೆ ಕಜ್ಜಿ ಆಗಿತ್ತು." ಬೇರೆ ವಾರ್ಡುಗಳ ಕಚೇರಿಗೆ ಹೋಗಿ ಕೈ ಮುಗಿದು ಅವರ ಚೀಟಿಗಳನ್ನೆಲ್ಲ ತಂದು ಹರವಿದೆ. ಅವನ್ನೂ ಮಾಡಿದ್ದರು, ಚಿಕ್ಕ ವಯಸ್ಸಿನಲ್ಲಿ, ಬರೀ ಹುರುಪಿಗೆ. ಏಳನೇ ದಿನ ತಲೆ ಕೆಟ್ಟು, "ಒಂಟಿ ಕಾಲಲ್ಲಿ ಕುಂಟ್ಕೊಂಡು ಮುನ್ಸಿಪಾಲಿಟಿ ಸುತ್ತಿ" ಎಂದೆ. "ಮಳೇಲೋ ಬಿಸಿಲಲ್ಲೋ? ಎರಡೂ ಆಗಿದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಅಲ್ಲೇ ಕೂತು ಗೊಳೋ ಎಂದು ಅತ್ತೆ. ಅವರು ನನ್ನ ಮುಂದೆ ಒಂದು ತಟ್ಟೆ ಚುರುಮುರಿ ಇಟ್ಟು, ಅಳು ಮುಗಿಯುವ ತನಕ ಸುಮ್ಮನೆ ಕಾದರು.

ಒಂಬತ್ತನೇ ದಿನ ಹೋದಾಗ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದರು, ಕೈಯಲ್ಲಿ ಖಾಲಿ ಕೊಡ. ನಾನು ಮೆಟ್ಟಿಲು ಹತ್ತಿ ಬಂದದ್ದನ್ನು ಕಂಡು ಬೆಚ್ಚಿಬಿದ್ದರು.

"ಗೋಡೆಯೊಳಗಿಂದ ಬಂದ ಹಾಗಿತ್ತಲ್ಲೇ ನೀನು" ಎಂದರು. ಮೆಟ್ಟಿಲೂ ಹೋಗಿತ್ತು. ಉಳಿದದ್ದು ಕೋಣೆಯೊಂದೇ. "ವಿಮಲಿ, ಈ ಬಾಗಿಲು ಹೋದ್ಮೇಲೂ ನಾನು ದಿನಾ ಅಡುಗೆ ಮಾಡ್ತೀನಿ. ವಾಸನೆ ಬರುತ್ತಲ್ಲ, ಅಷ್ಟರಮಟ್ಟಿಗೆ ಗೊತ್ತಾಗುತ್ತೆ ನಿಮಗೆ."

ನಾನು ಕೊಡ ತುಂಬಿಸಿಟ್ಟು ಕಚೇರಿಗೆ ಬಂದೆ. ಬೆಂಚಿನ ಮೇಲೆ ದರ್ಜಿ ಕೆಲಸದ ಫಿಲೋಮಿನಾ ಕೂತಿದ್ದಳು, ಕೊರಳಲ್ಲಿ ಅಳತೆಯ ಟೇಪು.

"ಅಕ್ಕಾ, ಆ ಗಡಿಯಾರದ ಚೀಟಿ ಇನ್ನೊಂದ್ಸಲ ಕೊಡಿ."

"ಅದು ನಿಂಗೆ ಹೋದ ವರ್ಷವೇ ಕೊಟ್ಟಾಯ್ತಲ್ಲೇ. ಹೊಸದೇ ಆಗ್ಬೇಕು."

"ಹೋದ ವರ್ಷ ನಮ್ಮೆಜಮಾನ್ರು ಜೊತೇಲಿದ್ರು. ಮೆಟ್ಟಿಲು ಹತ್ತುವಾಗಿಂದ ಇಳಿಯೋವರೆಗೂ ಮಂಡಿನೋವಿನ ಮಾತೇ. ಗಡಿಯಾರ ಎಲ್ಲಿ ನೋಡ್ದೆ? ಈ ಸಲ ಒಬ್ಬಳೇ ಹೋಗ್ತೀನಿ. ಅದೇ ಜಾಗ ಆದ್ರೇನು, ನಾನು ನೋಡಿಲ್ಲವಲ್ಲ."

ಅವಳಿಗೆ ಚೀಟಿ ಕೊಟ್ಟು ಕಳಿಸಿದೆ. ಅವಳು ಬಾಗಿಲು ದಾಟಿದ ಮೇಲೂ ಆ ಮಾತು ಅಲ್ಲೇ ಕೂತಿತ್ತು. ಎದ್ದು ತುಳಜಾಬಾಯಿಯ ಪೆಟ್ಟಿಗೆ ತೆಗೆದು ನಾನೂರ ಹನ್ನೆರಡು ಚೀಟಿಗಳನ್ನೂ ನೆಲದ ಮೇಲೆ ಸಾಲಾಗಿ ಹಾಕಿದೆ. ಹಸಿರು ಶಾಯಿ, ಬೇರೆ ಬೇರೆ ಬೀದಿ, ಬೇರೆ ಬೇರೆ ಇಸವಿ. ಒಂದೇ ಜಾಗದ ಹೆಸರು ಎರಡು ಸಲ ಎಲ್ಲೂ ಇರಲಿಲ್ಲ. ಇಷ್ಟು ದಿನ ನಾನೂರ ಹದಿಮೂರನೆಯದನ್ನು ಹುಡುಕಿ ಚಪ್ಪಲಿ ಸವೆಸಿದ್ದೆ, ಎಂಥ ದಡ್ಡಿ ನಾನು! ಈ ಹೆಂಗಸು ಮೂವತ್ತೊಂದು ವರ್ಷದಲ್ಲಿ ಮಾಡದೆ ಬಿಟ್ಟದ್ದು ಅದೊಂದೇ. ಚೀಟಿ ಬರೆದ ಯಾವ ಜಾಗಕ್ಕೂ ಎರಡನೇ ಸಲ ಹೋಗಿರಲಿಲ್ಲ.

ಮರುದಿನ ಮಧ್ಯಾಹ್ನ ಹೋಗಿ ಹೇಳಿದಾಗ ಅವರ ಮುಖ ಕೆಂಪಾಯಿತು.

"ಬಾಯಿ ಮುಚ್ಚು. ಹುಡುಕಾಳು ಹಾಗೆಲ್ಲ ಹೋಗಲ್ಲ."

"ನೀವೀಗ ಹುಡುಕಾಳಲ್ಲ ಬಾಯಮ್ಮ. ನಮ್ಮ ಬೆಂಚಿನ ಮೇಲೆ ಕೂರಬೇಕಾದೋರು. ನಾನು ಚೀಟಿ ಕೊಡೋಳು."

"ಎರಡನೇ ಸಲ ಅಂದ್ರೆ ರೂಢಿ ಕಣೇ. ರೂಢಿಯಿಂದಲೇ ಎಲ್ಲಾರದೂ ಹೋಗೋದು. ಹೋಗಿ ಬರೋಷ್ಟರಲ್ಲಿ ಈ ಬಾಗಿಲೂ ಹೋಗಿದ್ರೆ?"

ಹೋಗಿದ್ದರೆ ನನ್ನ ಕೈಯಾರೆ ಕಳೆದ ಹಾಗಾಗುತ್ತಿತ್ತು. ಆದರೂ ಹಟಕ್ಕೆ ಬಿದ್ದು ಚೀಟಿಗಳ ಕಟ್ಟನ್ನು ಅವರ ಮಡಿಲಿಗೆ ಹಾಕಿದೆ. "ಇಷ್ಟರಲ್ಲಿ ಎಲ್ಲಿಗೆ ಮತ್ತೆ ಹೋಗ್ಬೇಕು ಅಂತ ನಿಮಗೆ ಒಂದ್ಸಲವಾದ್ರೂ ಅನ್ನಿಸಿದೆ? ಸುಳ್ಳು ಹೇಳಬೇಡಿ."

ಅವರು ಕಟ್ಟನ್ನು ಬಿಚ್ಚಲೂ ಇಲ್ಲ. ಎದುರು ವಠಾರದಲ್ಲಿ ಕುಕ್ಕರು ಕೂಗಿತು, ಒಂದು, ಎರಡು, ಮೂರು. ಮೂರನೆಯದು ನಿಂತ ಮೇಲೆ ತುಳಜಾಬಾಯಿ, "ಏಳು" ಎಂದರು.

ಏಳನೆಯ ಚೀಟಿ ನನಗೆ ಬಾಯಿಪಾಠ. ಹಾರ್ಮೋನಿಯಂ ರಿಪೇರಿ ಮಾಡುವ ಕಾಳಾಚಾರಿಯ ಅಂಗಡಿ. ಕೆಟ್ಟ ಪೆಟ್ಟಿಗೆಗಳಿಂದ ಬಿಚ್ಚಿದ ಹಿತ್ತಾಳೆ ರೀಡುಗಳನ್ನು ಅವರು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಟ್ಟಿರುತ್ತಾರೆ. ಹೋದವರು ಒಂದನ್ನು ಆರಿಸಿ ಬಾಯಿಂದ ಊದಬೇಕು, ಅದು ಯಾವ ಮನೆಯ ಪೆಟ್ಟಿಗೆಯ ಯಾವ ಸ್ವರ ಎಂದು ಅವರು ಹೇಳುತ್ತಾರೆ. ನಾನು ಎಷ್ಟೋ ಜನರನ್ನು ಕಳಿಸಿದ್ದೆ. ಬಂದವರೆಲ್ಲ ಒಂದು ಮಾತು ಹೇಳುತ್ತಿದ್ದರು, "ಚೀಟಿ ಬರೆದೋರು ಬರಲ್ವಾ ಅಂತ ಕೇಳ್ತಾರೆ ಕಣಮ್ಮ ಅವರು." ಮುದುಕರಿಗೆ ಮಾತಿನ ಚಟ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಾಲಿಗೆ ಕಚ್ಚಿಕೊಂಡೆ.

"ಅವತ್ತು ನಾನು ಊದಿದ ರೀಡಿಗೆ ಜೊತೆ ಸ್ವರ ಹುಡುಕಿ ಇಡ್ತೀನಿ, ನಾಳೆ ಬನ್ನಿ ಅಂದಿದ್ರು" ಎಂದರು ತುಳಜಾಬಾಯಿ, ಸೆರಗಿನ ಅಂಚನ್ನು ನೀವುತ್ತಾ. "ನಾನು 'ನೋಡಿದೆ' ಅಂತ ಹೇಳಿ ಬಂದುಬಿಟ್ಟೆ."

ಕಣ್ಣು ಮುಚ್ಚಿಸಿ, ಕೈ ಹಿಡಿದು ಮೆಟ್ಟಿಲು ಇಳಿಸಿದೆ. ಊರನ್ನೆಲ್ಲ ನನಗೆ ತೋರಿಸಿದ ಕೈ, ಈಗ ನನ್ನ ಕೈಯೊಳಗೆ ಬೆವೆತು ಒದ್ದೆಯಾಗಿತ್ತು. ಬೀದಿಯಲ್ಲಿ ಒಣಹುಲ್ಲಿನ ಬಣ್ಣದ ಬಿಸಿಲು. ಜನ ನಮ್ಮನ್ನು ಕಂಡು ದಾರಿ ಬಿಟ್ಟರು, ಕಣ್ಣು ಮುಚ್ಚಿ ನಡೆಯುವವರಿಗೆ ದಾರಿ ಬಿಡುವುದು ನಮ್ಮೂರಿನ ಮರ್ಯಾದೆ. ಸೇತುವೆಯ ಮೇಲೆ ಗಾಳಿ ಬೀಸಿದಾಗ "ಇದು ಸೇತುವೆ ಅಲ್ವೇನೇ?" ಎಂದು ಕೇಳಿದರು. ಹೌದೆಂದೆ. "ನೀರಿದೆಯಾ?" ಇದೆ ಎಂದೆ. ಸ್ವಲ್ಪ ದೂರ ನಡೆದ ಮೇಲೆ, "ಆ ಪಾನಕದವಳು?" ಎಂದರು. "ಅವಳ ಮಗಳು ಮಾರ್ತಾಳೆ ಈಗ" ಎಂದೆ.

ಅಂಗಡಿ ಮೂರು ಮೆಟ್ಟಿಲು ಕೆಳಗಿತ್ತು. ಕಾಳಾಚಾರಿಯವರು ತಿದಿಯೊಂದಕ್ಕೆ ಚರ್ಮ ಅಂಟಿಸುತ್ತಾ ಕೂತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ನನ್ನ ಹಿಂದೆ ಕಣ್ಣು ಮುಚ್ಚಿ ನಿಂತವರನ್ನು ನೋಡಿದರು, ಕೈಯ ಕುಂಚವನ್ನು ಅಂಟಿನ ಬಟ್ಟಲಿಗೆ ಹಾಕಿದರು.

"ಬಾಯಮ್ಮ, ಬಂದ್ವಿ. ಕಣ್ಣು ಬಿಡಿ."

"ಇಲ್ಲದೆ ಹೋಗಿದ್ರೆ?" ಎಂದರು ಮೆಲ್ಲಗೆ. "ಬರೀ ಗೋಡೆ ಕಂಡ್ರೆ?"

"ಕಂಡ್ರೆ ಮುಚ್ಕೊಳ್ಳಿ. ನಾನು ಕೈ ಬಿಟ್ಟಿಲ್ಲ."

ಕಣ್ಣು ಬಿಟ್ಟರು. ಅವರ ಕಣ್ಣು ಡಬ್ಬದ ಮೇಲೆ ನಿಂತು, ನೇತುಹಾಕಿದ ತಿದಿಗಳ ಮೇಲೆ ಹರಿದು, ಆಚೆ ಗೋಡೆಗೆ ಹೋಗಿ ಅಲ್ಲಿ ನಿಂತಿತು.

"ಇಲ್ಲೊಂದು ಕಿಟಕಿ ಇತ್ತೇನ್ರೀ?" ಎಂದರು.

"ಮೊದಲಿಂದಲೂ ಇದೆ" ಎಂದರು ಕಾಳಾಚಾರಿ.

"ನಾನು ಬರೆದಿಲ್ಲ."

"ನೀವು ಅವತ್ತು ಇಡೀ ಹೊತ್ತು ಬಗ್ಗಿಕೊಂಡು ಬರೀತಾನೇ ಇದ್ರಿ. ನಾನು ಹೇಳೋಣ ಅಂದ್ಕೊಂಡೆ, ನಾಳೆ ಹೇಗೂ ಬರ್ತಾರಲ್ಲ ಅಂತ ಸುಮ್ಮನಾದೆ."

ಕಿಟಕಿಯಾಚೆ ಕಾಲುವೆ, ಕಾಲುವೆಯಲ್ಲಿ ಬಾತುಕೋಳಿಗಳು, ಅದರಾಚೆ ಯಾರದೋ ಮನೆಯ ಹಿತ್ತಿಲಲ್ಲಿ ಹಪ್ಪಳ ಒಣಹಾಕಿದ್ದರು. ತುಳಜಾಬಾಯಿ ಅದನ್ನು ಮಗುವಿನಂತೆ ನೋಡುತ್ತಾ ನಿಂತುಬಿಟ್ಟರು. ಕಾಳಾಚಾರಿ ಎದ್ದು, ಮೇಲಿನ ಹಲಗೆಯಿಂದ ಹಳದಿಯಾದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಎರಡು ರೀಡು, ಆಗಾಗ ಉಜ್ಜಿಟ್ಟಿದ್ದರೆಂದು ಕಾಣುತ್ತದೆ, ಚೂರೂ ಕಿಲುಬು ಹಿಡಿದಿರಲಿಲ್ಲ.

"ಇದು ನಿಮ್ಮದು. ಇದು ಜೊತೇದು. ಸಿಗೋಕೆ ಆರು ವರ್ಷ ಆಯ್ತು. ಅಕ್ಕಸಾಲಿಗರ ಬೀದೀಲಿ ಒಂದು ಭಜನೆ ಮನೆಯ ಪೆಟ್ಟಿಗೇಲಿ ಇತ್ತು." ಆಮೇಲೆ ತುಸು ಮುನಿಸಿನಿಂದ, "ತಿಂಗಳಿಗೆ ಎಷ್ಟು ಜನನ್ನ ಕಳಿಸ್ತಿದ್ರಿ, ನೀವು ಮಾತ್ರ ಬರಲಿಲ್ಲ" ಎಂದರು.

"ಬರಬಾರದು ಅಂದ್ಕೊಂಡಿದ್ದೆ" ಎಂದರು ತುಳಜಾಬಾಯಿ. "ತಪ್ಪಾಯ್ತು."

ಅವರು ಒಂದು ರೀಡನ್ನು ತುಟಿಗಿಟ್ಟು ಊದಿದರು. ಕಾಳಾಚಾರಿ ಇನ್ನೊಂದನ್ನು ಊದಿದರು. ಎರಡೂ ಸೇರಿ ಬಂದ ದನಿ ಆ ಸಣ್ಣ ಅಂಗಡಿಯಲ್ಲಿ ಉಸಿರು ಮುಗಿಯುವವರೆಗೆ ನಿಂತಿತು. ಉಸಿರು ತೆಗೆದುಕೊಂಡು ಮತ್ತೆ ಊದಿದರು. ಎರಡನೇ ಸಲ ಇನ್ನೂ ಚೆನ್ನಾಗಿತ್ತು. ಮೂರನೇ ಸಲಕ್ಕೆ ತುಳಜಾಬಾಯಿ ನಗತೊಡಗಿದ್ದರಿಂದ ಸ್ವರ ಒಡೆದುಹೋಯಿತು.

ಬಿಸಿಲು ಕಿಟಕಿಯಿಂದ ಇಳಿದಾಗ ಹೊರಡೋಣವೆಂದೆ. ಬಾಗಿಲ ಹತ್ತಿರ ನಿಂತು ಎಂದಿನಂತೆ "ನೋಡಿದೆ" ಎನ್ನುತ್ತಾರೆಂದು ಕಾದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹಿಂದೆ ತಿರುಗಿ, ಕಿಟಕಿಯನ್ನೊಮ್ಮೆ ಕಾಳಾಚಾರಿಯವರನ್ನೊಮ್ಮೆ ನೋಡಿ, "ನಾಳೆ ಬರ್ತೀನಿ" ಎಂದರು. ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ನನಗೆ ಅದೇ ಮೊದಲು.

ಕಾಳಾಚಾರಿ "ಹ್ಞೂಂ" ಎಂದು ಕುಂಚ ಕೈಗೆತ್ತಿಕೊಂಡರು.

ನಾನು ಮೂರು ಮೆಟ್ಟಿಲು ಹತ್ತಿ, ಬೀದಿಯ ಬಾಯಲ್ಲಿ ನಿಂತು, ದಾಟಿಸಲೆಂದು ಕೈ ಚಾಚಿದೆ. ತುಳಜಾಬಾಯಿ ಹತ್ತಿ ಬಂದರು. ಕಣ್ಣು ತೆರೆದೇ ಇತ್ತು. ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬಾರೇ, ನಿನಗೆ ಒಂದು ಲೋಟ ಪಾನಕ ಬಾಕಿ ಇದೆ" ಎಂದು ಸೇತುವೆಯ ಕಡೆಗೆ ತಾವಾಗೇ ನಡೆದುಬಿಟ್ಟರು. ಚಾಚಿದ ಕೈಯನ್ನು ಹಿಂದೆಗೆದುಕೊಂಡು ನಾನು ಅವರ ಹಿಂದೆ ಓಡಿದೆ.